ಫೋಟೋದ ನಟ್ಟನಡುವೆ ಕೂತವಳು

1

ಇದನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ದೊಡ್ಡ ತಲೆನೋವು. ಹಡಗಿನಿಂದ ಶುರು ಮಾಡೋಣವೆಂದರೆ ಅದು ಊರಿನಷ್ಟು ದೊಡ್ಡದು, ಮೊದಲ ಪುಟದೊಳಗೆ ಅದರ ಮೂತಿ ಕೂಡ ಹಿಡಿಸುವುದಿಲ್ಲ. ಸಮುದ್ರದಿಂದ ಶುರು ಮಾಡಿದರೆ ನೀವು ನಾಲ್ಕು ಸಾಲು ಹಾರಿಸಿ ಮುಂದೆ ಹೋಗುತ್ತೀರಿ. ಸಮುದ್ರದ ವರ್ಣನೆಯನ್ನು ಪೂರ್ತಿ ಓದಿದ ಮನುಷ್ಯರನ್ನು ನಾನಂತೂ ಕಂಡಿಲ್ಲ. ನಾನೂ ಓದಿದವಳಲ್ಲ.

ಹಾಗಾಗಿ ಗುಟ್ಟಿನಿಂದಲೇ ಶುರು ಮಾಡುತ್ತೇನೆ. ಕೊನೆಯವರೆಗೂ ಗುಟ್ಟನ್ನು ಮುಷ್ಟಿಯಲ್ಲಿ ಹಿಡಿದು ನಿಮ್ಮನ್ನು ಆಡಿಸುವುದು ನನ್ನ ಕೈಲಾಗದ ಕೆಲಸ.

ಅಣ್ಣನಿಗೆ ಕಣ್ಣು ಕಾಣುವುದಿಲ್ಲ.

(ನೋಡಿ, ಬರೆದ ತಕ್ಷಣ ತಪ್ಪಾಯಿತು. ಪೂರ್ತಿ ಕಾಣುವುದಿಲ್ಲ ಅಂತಲ್ಲ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ನಿಮ್ಮನ್ನು ನೆಟ್ಟಗೆ ನೋಡಿದರೆ ನಿಮ್ಮ ಕಿವಿ, ಭುಜ, ಹಿಂದಿನ ಗೋಡೆ ಎಲ್ಲ ಕಾಣುತ್ತವೆ. ಮುಖ ಇರಬೇಕಾದ ಜಾಗದಲ್ಲಿ ಮಾತ್ರ ಒದ್ದೆ ಬೆರಳಿನಿಂದ ಒರೆಸಿದಂಥ ಮಸುಕು. ನಿಮ್ಮ ಮುಖ ಕಾಣಬೇಕಾದರೆ ಅವನು ನಿಮ್ಮ ಕಿವಿಯಾಚೆ ಎಲ್ಲೋ ನೋಡಬೇಕು. ಆಗ ನೀವು ‘ಇವನು ಯಾರನ್ನು ನೋಡುತ್ತಿದ್ದಾನೆ’ ಎಂದು ಹಿಂದೆ ತಿರುಗುತ್ತೀರಿ.)

ಮೆಟ್ಟಿಲು ಹತ್ತುತ್ತಾನೆ, ರಸ್ತೆ ದಾಟುತ್ತಾನೆ, ಯಾರಿಗೂ ಢಿಕ್ಕಿ ಹೊಡೆಯುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಿಲ್ಲ, ಅವನ ತಂಗಿಯೊಬ್ಬಳನ್ನು ಬಿಟ್ಟು. (ಆ ತಂಗಿ ನಾನಲ್ಲ. ನಾನು ಬರೀ ಬರೆಯುವವಳು.)

ಅಣ್ಣನ ಕಸುಬು ಏನು ಅಂತ ಹೇಳಲೇ ಇಲ್ಲ, ಅಲ್ಲವೆ? ಅಣ್ಣ ಫೋಟೋಗ್ರಾಫರ್.

2

ಈ ಕಸುಬಿನಲ್ಲೂ ಒಳಜಾತಿಗಳಿವೆ. ಮದುಮಕ್ಕಳ ಫೋಟೋ ತೆಗೆಯುವವರು ಬೇರೆ, ಇವರು ಬೇರೆ. ಹೋಟೆಲು, ಆಸ್ಪತ್ರೆ, ಆಫೀಸುಗಳ ಒಳಭಾಗವನ್ನು ಚೆಂದ ಕಾಣುವ ಹಾಗೆ ತೆಗೆದುಕೊಡುವುದು ಇವರ ಕೆಲಸ. ಮೊದಲ ನಿಯಮ: ಜಾಗ ಖಾಲಿ ಇರಬೇಕು. ಲೋಕವೆಲ್ಲ ಕೂತೆದ್ದ ಸೋಫಾ, ಯಾರೂ ಕೂತೇ ಇಲ್ಲವೇನೋ ಅನ್ನುವಂತೆ ಕಾಣಬೇಕು.

ಅದಕ್ಕೆ ಇಬ್ಬರು ಬೇಕು. ಒಬ್ಬರು ಕ್ಯಾಮರಾ ಹಿಂದೆ. ಇನ್ನೊಬ್ಬರು ಕ್ಯಾಮರಾ ಮುಂದೆ ಓಡಾಡಿ, ದಿಂಬು ತಟ್ಟಿ, ಕುರ್ಚಿ ಸಾಲು ಸರಿಮಾಡಿ, ಹಿತ್ತಾಳೆ ಕಂಬಿಯ ಮೇಲಿನ ಬೆರಳಿನ ಗುರುತು ಒರೆಸಿ, ಯಾರೋ ಬಿಟ್ಟುಹೋದ ಲೋಟ ಎತ್ತಿಟ್ಟು, ಬಾಗಿಲಿಗೆ ಬಂದವರನ್ನು ‘ಒಂದೇ ನಿಮಿಷ’ ಎಂದು ತಡೆದು, ಕೊನೆಗೆ ತಾವೇ ಎಲ್ಲಾದರೂ ಅಡಗಿಕೊಳ್ಳುವವರು. ಅಡಗಿಕೊಂಡ ಮೇಲೆ ‘ಹೂಂ’ ಅನ್ನಬೇಕು. ಆಮೇಲೆ ಶಟರ್.

ಅಡಗುವ ಕೆಲಸ ತಂಗಿಯದು. ಅದು ಅವಳಿಗೆಂದೇ ಹೇಳಿ ಮಾಡಿಸಿದಂತಿತ್ತು. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಕಿವಿ ಕೆಂಪಾಗುವ, ಅಂಗೈ ಬೆವರುವ ಹುಡುಗಿ. ಅಣ್ಣ ಅವಳನ್ನು ಕರೆಯುವುದು ಗುಬ್ಬಿ ಅಂತ.

ಹೋದ ಚಳಿಗಾಲದಿಂದ ಮಾತ್ರ ಕೆಲಸ ತಲೆಕೆಳಗಾಗಿದೆ. ಕ್ಯಾಮರಾ ಎಲ್ಲಿ ನಿಲ್ಲಿಸಬೇಕು, ಎಷ್ಟು ಬಾಗಿಸಬೇಕು, ಎಷ್ಟು ಬೆಳಕು ಬಿಡಬೇಕು, ಎಲ್ಲ ತಂಗಿಯೇ. ಸ್ಟ್ಯಾಂಡ್ ಹೂಡುವ ನೆಪದಲ್ಲಿ ಚಿತ್ರ ಕಟ್ಟಿಟ್ಟು, ‘ಅಣ್ಣಾ, ನೋಡು’ ಎಂದು ಪಕ್ಕಕ್ಕೆ ಸರಿಯುತ್ತಾಳೆ. ಅಣ್ಣ ಬಂದು ಕಣ್ಣಿಟ್ಟು, ಗಂಭೀರವಾಗಿ ‘ಹಾಂ, ಚೂರು ಎಡಕ್ಕೆ’ ಎಂದು ಚೂರು ಎಡಕ್ಕೆ ತಿರುಗಿಸಿ, ಮತ್ತೆ ಇದ್ದಲ್ಲಿಗೇ ತಂದು ನಿಲ್ಲಿಸುತ್ತಾನೆ. ಗಿರಾಕಿಗಳಿಗೆ ಆ ‘ಚೂರು ಎಡಕ್ಕೆ’ ಅಂದರೆ ಬಲು ಗೌರವ.

ಇವತ್ತು ಗಿರಾಕಿ ಹಡಗಿನ ಕಂಪನಿ. ಪ್ರವಾಸಿಗಳು ಬಂದರಿನಲ್ಲಿ ಇಳಿದು ಊರು ಸುತ್ತಲು ಹೋಗಿದ್ದಾರೆ. ಅವರು ವಾಪಸು ಬರುವುದರೊಳಗೆ ಹಡಗಿನ ಸಾರ್ವಜನಿಕ ಜಾಗಗಳನ್ನೆಲ್ಲ ಸುತ್ತಿ ಫೋಟೋ ತೆಗೆದು ಮುಗಿಸಬೇಕು. ಊಟದ ಹಾಲ್, ಓದುವ ಕೋಣೆ, ಈಜುಕೊಳ, ಮೆಟ್ಟಿಲಂಗಳ, ಮೂತಿಯ ಕಡೆಯ ಗಾಜಿನ ಹಾಲ್. ಫೋಟೋ ಒಪ್ಪಿಗೆಯಾದರೆ ಕಂಪನಿಯ ಉಳಿದ ಹಡಗುಗಳೂ ಇವರಿಗೇ. ಒಪ್ಪಿಗೆಯಾಗದಿದ್ದರೆ, ಅಥವಾ ಅದಕ್ಕಿಂತ ಕೆಟ್ಟದ್ದು, ಅಣ್ಣನ ವಿಷಯ ಹೊರಗೆ ಬಿದ್ದರೆ, ನಾಳೆಯಿಂದ ಯಾವ ಹೋಟೆಲಿನವನೂ ಫೋನ್ ಎತ್ತುವುದಿಲ್ಲ. ಅಣ್ಣನಿಗೆ ಬೇರೆ ಕಸುಬು ಬರುವುದಿಲ್ಲ. ತಂಗಿಗೆ ಬರುವ ಕಸುಬು ಅವಳದು ಅಂತ ಯಾರಿಗೂ ಗೊತ್ತಿಲ್ಲ.

ಇಷ್ಟೇ ಕಥೆ. ಇನ್ನು ಮುಂದಿನದೆಲ್ಲ ಎದೆ ಹೊಡೆದುಕೊಳ್ಳುವುದು.

3 (ಹೊಡೆದುಹಾಕಿದ್ದು)

ಮೊದಲ ಸಲ ಬರೆದಾಗ ಇಲ್ಲೊಂದು ಬಿರುಗಾಳಿ ಇತ್ತು. ದೀಪಗಳು ಆರಿ, ಕುರ್ಚಿಗಳು ಉರುಳಿ, ಕತ್ತಲಲ್ಲಿ ಎಲ್ಲರೂ ತಡಕಾಡುವಾಗ ಅಣ್ಣನೊಬ್ಬನೇ ದಾರಿ ತೋರಿಸುತ್ತಿದ್ದ. ನನಗೇ ನನ್ನ ಮೇಲೆ ಹೆಮ್ಮೆಯಾಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ನೆನಪಾಯಿತು, ಹಡಗನ್ನು ಬಂದರಿಗೆ ಹಗ್ಗದಲ್ಲಿ ಕಟ್ಟಿಹಾಕಿದೆ.

ಎರಡನೆಯ ಸಲ ಬಿಳಿ ಯೂನಿಫಾರ್ಮಿನ ಒಬ್ಬ ಅಧಿಕಾರಿ ಬಂದು ತಂಗಿಯನ್ನು ನೋಡಿ ನಿಂತುಬಿಟ್ಟ. ತಂಗಿ ನನ್ನ ಕಡೆ ತಿರುಗಿ, ‘ಅಕ್ಕಾ, ಇವನನ್ನ ಕಳಿಸಿ. ನಂಗೆ ಇವತ್ತು ಪುರುಸೊತ್ತಿಲ್ಲ. ಅಲ್ಲದೆ ಫ್ರೇಮಲ್ಲಿ ನಿಂತಿದಾನೆ’ ಎಂದಳು.

ಕಳಿಸಿದೆ.

4

ಕಂಪನಿಯ ಕಡೆಯಿಂದ ಜೊತೆಗೆ ಬಂದವಳನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಸೊಂಟದಲ್ಲಿ ವಾಕಿಟಾಕಿ, ಕತ್ತಿನಲ್ಲಿ ಗುರುತಿನ ಚೀಟಿ, ಕಾಲಲ್ಲಿ ಟಕಟಕ ಅನ್ನುವ ಶೂ. ಅಣ್ಣನಿಗೆ ಆ ಶೂ ದೇವರು ಕೊಟ್ಟ ವರ. ಮೇಡಂ ಎಲ್ಲಿದ್ದಾಳೆ ಎಂದು ನೋಡದೆಯೇ ಗೊತ್ತಾಗುತ್ತಿತ್ತು. ಊಟದ ಹಾಲಿಗೆ ಬಂದಾಗ ಕಾಲಡಿಗೆ ದಪ್ಪ ಕಾರ್ಪೆಟ್ ಸಿಕ್ಕಿತು. ವರ ಅಲ್ಲಿಗೆ ಮುಗಿಯಿತು.

ಮೇಡಂಗೆ ಒಂದು ಅಭ್ಯಾಸವಿತ್ತು. ಪ್ರತಿ ಫೋಟೋ ತೆಗೆದ ಕೂಡಲೇ ಅಣ್ಣನ ಹೆಗಲ ಹತ್ತಿರ ಬಂದು ಕ್ಯಾಮರಾದ ಪರದೆಯೊಳಗೆ ಇಣುಕುವುದು.

‘ನಾನೂ ಒಂದು ಕಾಲದಲ್ಲಿ ಫೋಟೋ ಕಲಿತೋಳೇ ಸರ್. ಬಿಟ್ಟೆ.’

‘ಯಾಕ್ ಬಿಟ್ರಿ ಮೇಡಂ?’

‘ಮನೇಲಿ ಎಲ್ಲರೂ ನಗಿ ನಗಿ ಅಂದ್ರೆ ಅಳ್ತಿದ್ರು.’

ಅಣ್ಣ ಗಟ್ಟಿಯಾಗಿ ನಕ್ಕ. ಮಾತಿನಲ್ಲಿ ಮಾತ್ರ ಅವನಿಗೆ ಯಾವತ್ತೂ ಮಸುಕಿಲ್ಲ.

‘ಸರ್, ಈ ಗೊಂಚಲು ದೀಪ ಪೂರ್ತಿ ಬರುತ್ತಾ?’

‘ಬರದೆ ಎಲ್ಲಿ ಹೋಗುತ್ತೆ? ಅದಕ್ಕೆ ಅಂತಾನೇ ಇಲ್ಲಿ ನಿಂತಿರೋದು.’

‘ಒಂದು ಬಲ್ಬ್ ಹೋಗಿದೆ. ನೋಡಿದ್ರಾ?’

ಅಣ್ಣ ತಲೆಯೆತ್ತಿದ. ಬಲ್ಬ್ ಇದ್ದದ್ದು ನಟ್ಟನಡುವೆ. ತಂಗಿ ಆಗ ಹಾಲಿನ ಆಚೆ ತುದಿಯಲ್ಲಿ ಮೇಜಿನ ಬಟ್ಟೆಯ ಸುಕ್ಕು ಎಳೆಯುತ್ತಿದ್ದಳು. ಅಷ್ಟು ದೂರದಿಂದ ಅವಳ ಗಂಟಲು ತನ್ನಷ್ಟಕ್ಕೆ ತಾನೇ ತೆರೆಯಿತು.

‘ಅಣ್ಣ ಆಗಲೇ ಹೇಳಿದ್ದ ಮೇಡಂ. ಹುಡುಗರಿಗೆ ಹೇಳಿ ಹಾಕಿಸ್ಬೇಕು ಅಂತ.’

ಮೇಡಂ ತಿರುಗಿ ನೋಡಿದಳು. ‘ಅರೆ! ಬೆಳಿಗ್ಗೆಯಿಂದ ಈ ಹುಡುಗಿ ಬಾಯಿ ಬಿಟ್ಟಿದ್ದೇ ಕಾಣೆ. ಬಲ್ಬಿನ ವಿಷಯಕ್ಕೆ ಬಿಟ್ಟಳಲ್ಲಪ್ಪ.’

ತಂಗಿಯ ಕಿವಿ ಕೆಂಪಾಯಿತು. ಮೇಜಿನಡಿ ಅಡಗಿದಳು. ಅಡಗಬೇಕಾದ ಹೊತ್ತಿಗಿಂತ ಸ್ವಲ್ಪ ಮುಂಚೆಯೇ.

‘ಹೂಂ.’

5

ಈಜುಕೊಳಕ್ಕೆ ಹೋಗುವ ಲಿಫ್ಟಿನಲ್ಲಿ ಇವರಿಬ್ಬರೇ ಇದ್ದರು. ಮೇಡಂ ಬಲ್ಬಿನವರನ್ನು ಬೈಯಲು ಹೋಗಿದ್ದಳು.

‘ಅಣ್ಣಾ, ಹೇಳಿಬಿಡು.’

‘ಏನಂತ?’

‘ಗೊತ್ತಿಲ್ಲದೋನ ಹಾಗೆ ಕೇಳ್ಬೇಡ.’

‘ಕಣ್ಣಿಲ್ಲದ ಫೋಟೋಗ್ರಾಫರ್ ಬಂದಿದಾನೆ ಅಂತ ಬೋರ್ಡು ಬರೆಸ್ಕೊಂಡು ಕತ್ತಿಗೆ ನೇತು ಹಾಕ್ಕೊಳ್ಳಲಾ? ಮೇಡಮ್ಮಿನದಕ್ಕಿಂತ ದೊಡ್ಡ ಚೀಟಿ ಆಗುತ್ತೆ.’

‘ನಾನು ತೆಗೀತೀನಲ್ಲ.’

‘ತೆಗೀತಾ ಇದೀಯಲ್ಲ ತಾಯಿ. ಬೇಡ ಅಂದ್ನಾ?’

‘ಎದುರಿಗೇ ತೆಗೀತೀನಿ ಅಂದೆ.’

ಅಣ್ಣ ನಕ್ಕ. ಆ ನಗು ತಂಗಿಗೆ ಬಲ್ಬಿಗಿಂತ ಜಾಸ್ತಿ ಚುರುಕ್ಕೆಂದಿತು.

‘ನೀನಾ? ಹೋದ ಸಲ ಬ್ಯಾಂಕಲ್ಲಿ ಹಿಂದೆ ನಾಲ್ಕು ಜನ ನಿಂತಿದ್ರು ಅಂತ ಸಹಿ ಹಾಕೋ ಪೆನ್ನೇ ಕೆಳಗೆ ಬೀಳಿಸಿದೋಳು. ಕೈ ನಡುಗುತ್ತೆ ಕಣೆ ಗುಬ್ಬಿ ನಿಂಗೆ.’

‘ನಡುಗಿದ್ರೆ ಸ್ಟ್ಯಾಂಡ್ ಇದೆ.’

ಲಿಫ್ಟಿನ ಬಾಗಿಲು ತೆರೆಯಿತು. ಬಿಸಿಲು ಮುಖಕ್ಕೆ ಹೊಡೆಯಿತು. ಇಬ್ಬರೂ ಮಾತು ನಿಲ್ಲಿಸಿದರು. ಜಗಳಕ್ಕೂ ಒಂದು ಬೆಳಕು ಬೇಕು, ಇದು ಅಂಥ ಬೆಳಕಲ್ಲ.

(ಈ ಕೊನೆಯ ಸಾಲು ನನಗೆ ಇಷ್ಟವಾಯಿತು. ಅರ್ಥವೇನು ಅಂತ ಕೇಳಬೇಡಿ.)

6

ಈಜುಕೊಳದ ಹತ್ತಿರ ಸಾಲು ಮಂಚಗಳ ಮೇಲೆ ತಂಗಿ ಟವೆಲು ಮಡಿಸುತ್ತಿದ್ದಾಗ ಅಣ್ಣ ನನ್ನನ್ನು ಹಿಡಿದುಕೊಂಡ.

‘ಏನ್ರೀ ಕಥೆ ಬರೆಯೋರೇ, ನಿಮಗೆ ನನ್ನ ಕಣ್ಣೇ ಬೇಕಾಗಿತ್ತಾ? ಮೊಣಕಾಲು ನೋವು ಕೊಡಬಹುದಿತ್ತು.’

‘ಮೊಣಕಾಲು ನೋವಿಂದ ಕಥೆ ಆಗಲ್ಲ ಅಣ್ಣಾ.’

‘ನಿಮಗೆ ಆಗಲ್ಲ. ಮೊಣಕಾಲು ನೋವಿರೋರನ್ನ ಹೋಗಿ ಕೇಳಿ.’

ಅವನು ನನ್ನನ್ನು ನೋಡುತ್ತಿದ್ದ, ಅಂದರೆ ನನ್ನ ಕಿವಿಯಾಚೆ ನೋಡುತ್ತಿದ್ದ. ನನ್ನೆದುರು ಅವನಿಗೆ ನಾಟಕ ಬೇಕಿರಲಿಲ್ಲ.

‘ನನ್ನನ್ನ ಪಾಪದೋನು ಮಾಡ್ಬೇಡಿ. ಅಷ್ಟೇ ಕೇಳೋದು.’

‘ಮಾಡಲ್ಲ.’

‘ಕೆಟ್ಟೋನು ಬೇಕಾದ್ರೆ ಮಾಡಿ.’

‘ಅದನ್ನ ನೀವೇ ಮಾಡ್ಕೋತಾ ಇದೀರಿ. ಲಿಫ್ಟಲ್ಲಿ ಕೇಳಿಸ್ಕೊಂಡೆ.’

ಅವನು ಬಟನ್ನನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತ. ಕ್ಯಾಮರಾಕ್ಕೆ ತಂತಿಯಲ್ಲಿ ಸಿಕ್ಕಿಸಿ ಬಿಚ್ಚುವ ಒಂದು ಸಣ್ಣ ಬಟನ್ ಅದು. ಮುಟ್ಟಿದರೆ ಕ್ಯಾಮರಾ ಅಲುಗಬಾರದು ಅಂತ ದೂರದಿಂದಲೇ ಒತ್ತುವುದಕ್ಕೆ. ಈಗೀಗ ಅಣ್ಣನ ಪಾಲಿಗೆ ಉಳಿದ ಕೆಲಸ ಅದೊಂದೇ. ಅದನ್ನು ಅವನು ಊಟಕ್ಕೆ ಕೂತಾಗಲೂ ಜೇಬಿನಿಂದ ತೆಗೆಯುವುದಿಲ್ಲ.

7

ಓದುವ ಕೋಣೆ. ಇಲ್ಲಿ ಏನೂ ಆಗಲಿಲ್ಲ. ಫೋಟೋ ಚೆನ್ನಾಗಿ ಬಂತು.

(ಏನೂ ಆಗದ ಜಾಗವನ್ನು ಕಥೆಯಲ್ಲಿ ಹಾರಿಸುತ್ತಾರೆ. ಇವರ ಕಸುಬಿನಲ್ಲಿ ಬೇಕಾದದ್ದೇ ಅದು. ಎರಡು ಕಸುಬಿಗೂ ಹೊಂದಿಕೆ ಆಗದೆ ನಾನು ಒದ್ದಾಡುತ್ತಿರುವುದು ನಿಮಗೆ ಕಾಣುತ್ತಿರಬೇಕು.)

8

ಈಗ ಮೆಟ್ಟಿಲಂಗಳ. ಇಲ್ಲಿಗೆ ಬರದೆ ತಪ್ಪಿಸಿಕೊಳ್ಳಲು ಎಷ್ಟೋ ನೋಡಿದೆ.

ಹಡಗಿನ ಹೊಟ್ಟೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ತೆರೆದ ದೊಡ್ಡ ಜಾಗ. ನಡುವೆ ಅಗಲವಾದ ಮೆಟ್ಟಿಲು. ಅದು ಅರ್ಧ ಹತ್ತಿ ಎಡಬಲಕ್ಕೆ ಒಡೆಯುತ್ತದೆ. ಒಡೆಯುವ ಕಡೆ ಗೋಡೆಯಗಲದ ಕನ್ನಡಿ. ಎರಡೂ ಬದಿಯಲ್ಲಿ ಆಳು ಮರೆಯಾಗುವಷ್ಟು ದಪ್ಪನೆಯ ಕಂಬಗಳು.

ಕನ್ನಡಿ ಇರುವ ಜಾಗದಲ್ಲಿ ಕ್ಯಾಮರಾವನ್ನು ನೆಟ್ಟಗೆ ಇಡುವಂತಿಲ್ಲ, ಕನ್ನಡಿಯಲ್ಲಿ ಕ್ಯಾಮರಾವೇ ಕಂಡುಬಿಡುತ್ತದೆ. ಓರೆಯಾಗಿ ಇಡಬೇಕು. ತಂಗಿ ಬಲಗಡೆಗೆ ಓರೆಯಾಗಿ ಇಟ್ಟಳು. ಹಾಗೆ ಇಟ್ಟಾಗ ಕನ್ನಡಿ ಎಡಗಡೆಯ ಕಂಬಗಳ ಬೆನ್ನನ್ನು ತೋರಿಸುತ್ತದೆ. ಅಂದರೆ ಎಡಗಡೆ ಅಡಗುವಂತಿಲ್ಲ, ಬಲಗಡೆಯೇ ಅಡಗಬೇಕು. ಇದು ಅವಳಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು.

ಅಷ್ಟರಲ್ಲಿ ಮೇಡಂನ ವಾಕಿಟಾಕಿ ಕರಕರ ಅಂದಿತು. ಮೊದಲ ಬಸ್ಸು ಬಂದರಿಗೆ ವಾಪಸು ಬಂದಿತ್ತು.

‘ಬೇಗ ಸರ್! ಜನ ಹತ್ತೋಕೆ ಶುರು ಮಾಡಿದ್ರೆ ಮೊದಲು ನುಗ್ಗೋದೇ ಇಲ್ಲಿಗೆ.’

ಕೆಳಗೆ ಎಲ್ಲೋ ಬಾಗಿಲು ತೆರೆದ ಸದ್ದು, ಮಕ್ಕಳ ಕೂಗು. ತಂಗಿ ಮೆಟ್ಟಿಲಿನ ಕಂಬಿ ಒರೆಸಿದಳು, ಹೂದಾನಿ ತಿರುಗಿಸಿದಳು, ಕಾರ್ಪೆಟ್ಟಿನ ಮೇಲಿನ ತನ್ನದೇ ಹೆಜ್ಜೆ ಗುರುತನ್ನು ಕೈಯಿಂದ ಸವರಿದಳು. ಬಲಗಡೆಯ ಕಂಬಕ್ಕೆ ಓಡಿದಳು. ಅಲ್ಲಿ ಮೇಡಂ ನಿಂತು ವಾಕಿಟಾಕಿಯಲ್ಲಿ ಯಾರಿಗೋ ಜೋರು ಮಾಡುತ್ತಿದ್ದಳು. ಕೆಲಸ ಕೊಟ್ಟವರನ್ನು ‘ಸ್ವಲ್ಪ ಸರೀರಿ’ ಅನ್ನುವುದು ತಂಗಿಯ ನಾಲಿಗೆಗೆ ಬಾರದ ಮಾತು. ಒಂದು ಕ್ಷಣ ನಿಂತಳು. ತಿರುಗಿ ಎಡಕ್ಕೆ ಓಡಿ, ಕಂಬದ ಹಿಂದೆ ಮೊಣಕಾಲು ತಬ್ಬಿ ಕುಕ್ಕರುಗಾಲಲ್ಲಿ ಕೂತಳು.

‘ಹೂಂ.’

ಶಟರ್. ಶಟರ್. ಶಟರ್. ಬೆಳಕು ಹೆಚ್ಚುಕಡಿಮೆ ಮಾಡಿ ಮಬ್ಬಾಗಿ ಒಂದು, ಸರಿಯಾಗಿ ಒಂದು, ಬೆಳ್ಳಗೆ ಒಂದು.

ಬೇರೆ ಯಾವ ಜೋಡಿಗೂ ಈ ತಪ್ಪು ಆಗುತ್ತಿರಲಿಲ್ಲ. ಬೇರೆ ಯಾವ ಫೋಟೋಗ್ರಾಫರ್ ಆಗಿದ್ದರೂ ‘ಏಯ್, ಕಾಣ್ತಿದೀಯ, ಎದ್ದೇಳು’ ಅನ್ನುತ್ತಿದ್ದ.

ಮೇಡಂ ಬಂದು ಪರದೆಯೊಳಗೆ ಇಣುಕಿದಳು.

‘ಸರ್, ಇದ್ಯಾರು?’

‘ಯಾರು?’

‘ಇಲ್ಲಿ. ನಡುವೆ.’

ಮೇಡಂ ಪಕ್ಕದಲ್ಲೇ ಇದ್ದಳು. ಓರೆಗಣ್ಣಿನಲ್ಲಿ ನೋಡುವಂತಿರಲಿಲ್ಲ. ಅಣ್ಣ ಎಲ್ಲರಂತೆ ನೆಟ್ಟಗೆ ನೋಡಿದ.

‘ನಡುವೆ ಯಾರೂ ಇಲ್ವಲ್ಲ ಮೇಡಂ.’

ಪರದೆಯ ನಟ್ಟನಡುವೆ, ಕನ್ನಡಿಯೊಳಗೆ, ತಂಗಿ ಇದ್ದಳು. ಮುದುಡಿಕೊಂಡು, ಗಲ್ಲವನ್ನು ಮೊಣಕಾಲಿಗೆ ಒತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ. ಖಾಲಿ ಅಂಗಳದಲ್ಲಿ ಬೇರೆ ನೋಡುವುದಕ್ಕೆ ಏನೂ ಇರಲಿಲ್ಲ.

9

ಇಲ್ಲಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಬಂದು ನೋಡಿದರೆ ಮೂವರೂ ಇದ್ದಲ್ಲೇ ಇದ್ದಾರೆ. ಏನಾದರೂ ಮಾಡಬೇಕು. ಕೆಲವು ಮುಕ್ತಾಯಗಳನ್ನು ಅವರ ಮುಂದಿಟ್ಟೆ.

ಒಂದು. ಅಣ್ಣ ತಮಾಷೆ ಮಾಡಿದ ಅಂದುಕೊಂಡು ಮೇಡಂ ಬಿದ್ದು ಬಿದ್ದು ನಗುತ್ತಾಳೆ. ಫೋಟೋ ಮತ್ತೊಮ್ಮೆ ತೆಗೆಯುತ್ತಾರೆ.

ತಂಗಿ: ‘ಮೇಡಂ ಅಷ್ಟು ದಡ್ಡಿ ಅಲ್ಲ ಅಕ್ಕಾ. ಬಲ್ಬ್ ಕಂಡುಹಿಡಿದೋಳು.’

ಎರಡು. ‘ಅಂಗಳ ಎಷ್ಟು ದೊಡ್ಡದು ಅಂತ ಗೊತ್ತಾಗಲಿ ಅಂತ ನಾನೇ ಬೇಕಂತ ಕೂತೆ’ ಎಂದು ತಂಗಿ ಹೇಳುತ್ತಾಳೆ. ಕಂಪನಿಯವರಿಗೆ ಆ ಫೋಟೋವೇ ಇಷ್ಟವಾಗಿ ಗೋಡೆಯಗಲ ಹಾಕಿಸುತ್ತಾರೆ.

ಅಣ್ಣ: ‘ಇದು ಚೆನ್ನಾಗಿದೆ. ಇದನ್ನೇ ಇಡಿ.’

ತಂಗಿ: ‘ಅಂದ್ರೆ ಮತ್ತೆ ನಾನೇ ಸುಳ್ಳು ಹೇಳ್ಬೇಕು. ಅಕ್ಕಾ, ಚಳಿಗಾಲದಿಂದ ನಾನು ಹೇಳಿದ ಸುಳ್ಳನ್ನೆಲ್ಲ ಒಂದರ ಮೇಲೊಂದು ಇಟ್ರೆ ಈ ಮೆಟ್ಟಿಲು ಹತ್ತೋದೇ ಬೇಡ, ನೇರ ಮೇಲಕ್ಕೆ ಹೋಗ್ಬಹುದು.’

ಮೂರು. ಒಬ್ಬ ದೊಡ್ಡ ಡಾಕ್ಟರ್ ಇದೇ ಹಡಗಿನ ಪ್ರವಾಸಿ. ಆಪರೇಷನ್ ಮಾಡುತ್ತಾನೆ. ಕಣ್ಣು ಬರುತ್ತದೆ.

ಅಣ್ಣ: ‘ಮೂರು ಆಸ್ಪತ್ರೆಯೋರು ಆಗಲ್ಲ ಅಂದಿದ್ದನ್ನ ನೀವು ಒಂದು ಸಾಲಲ್ಲಿ ಮಾಡ್ತೀರಾ? ನಾಚಿಕೆ ಆಗಲ್ವಾ?’

ಆಯಿತು. ನನ್ನ ಹತ್ತಿರ ಇದ್ದ ಮುಕ್ತಾಯಗಳು ಮುಗಿದವು. ಮೇಡಂ ನನ್ನನ್ನೇನೂ ಕೇಳಲಿಲ್ಲ. ತನ್ನ ಪಾಡಿಗೆ ತಾನು ಮುಂದುವರಿದಳು.

10

ಮೇಡಂ ಕ್ಯಾಮರಾವನ್ನು ದಾಟಿ ಬಂದು ಅಣ್ಣನ ಎದುರಿಗೇ ನಿಂತಳು. ದನಿ ಇಳಿದಿತ್ತು.

‘ಸರ್, ನನ್ನ ಮುಖ ನೋಡಿ.’

ಅಣ್ಣನಿಗೆ ಎರಡು ದಾರಿ ಇತ್ತು. ನೆಟ್ಟಗೆ ನೋಡಿದರೆ ಕಾಣುವುದಿಲ್ಲ, ಆದರೆ ಕಾಣುವವನಂತೆ ಕಾಣುತ್ತಾನೆ. ಕಿವಿಯಾಚೆ ನೋಡಿದರೆ ಕಾಣುತ್ತದೆ, ಆದರೆ ಸಿಕ್ಕಿಬೀಳುತ್ತಾನೆ.

ನೆಟ್ಟಗೆ ನೋಡಿದ.

‘ನಾನೀಗ ಏನು ಮಾಡ್ತಿದೀನಿ?’

ಕಂಬದ ಹಿಂದಿನಿಂದ ತಂಗಿ ಎದ್ದು ಬಂದಿದ್ದಳು. ಅವಳಿಗೆ ಮೇಡಂನ ಮುಖ ಕಾಣುತ್ತಿತ್ತು. ಅಣ್ಣನ ಕತ್ತಿನ ಹಿಂಭಾಗವೂ ಕಾಣುತ್ತಿತ್ತು, ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. ಅಣ್ಣ ಕಾಯುತ್ತಿದ್ದ. ಮೇಡಂನ ಮಾತಿಗಲ್ಲ, ಇವಳ ಮಾತಿಗೆ. ‘ಅಯ್ಯೋ, ನಗಿಸ್ತಿದೀರಲ್ಲ ಮೇಡಂ’ ಎಂದೋ, ‘ಅಣ್ಣನ್ನ ಯಾಕೆ ಹಾಗೆ ನೋಡ್ತಿದೀರಿ’ ಎಂದೋ, ಎಂದಿನಂತೆ ಎಲ್ಲಿಂದಲಾದರೂ ಒಂದು ಎಳೆ ಬಂದು ಕೈಗೆ ಸಿಗುತ್ತದೆ, ಹಿಡಿದುಕೊಂಡು ದಾಟಿಬಿಡಬಹುದು ಎಂದು.

ಎಳೆ ಬರಲಿಲ್ಲ.

‘ನಗ್ತಿದೀರಿ’ ಎಂದ ಅಣ್ಣ.

‘ಇಲ್ಲ ಅಣ್ಣಾ’ ಎಂದಳು ತಂಗಿ. ‘ನಗ್ತಿಲ್ಲ.’

ಹೇಳಿದ ಮೇಲೆ ಅವಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಮೆಟ್ಟಿಲಂಗಳ ದೊಡ್ಡದು. ‘ಇಲ್ಲ’ ಅನ್ನುವುದು ಮೇಲೆ ಹೋಗಿ ತಿರುಗಿ ಬಂತು.

ಅಣ್ಣ ತಿರುಗಿ ಅವಳ ಕಿವಿಯಾಚೆ ನೋಡಿದ. ಜನರೆದುರು ಹಾಗೆ ನೋಡಿದ್ದು ಅದೇ ಮೊದಲು.

‘ಯಾವಾಗಿಂದ?’ ಎಂದಳು ಮೇಡಂ.

ತಂಗಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ, ಮತ್ತೆ ಬಿಚ್ಚಿದಳು.

‘ಸರ್, ನೀವು ಮಾದರಿಗೆ ಅಂತ ಕಳಿಸಿದ್ರಲ್ಲ, ಆ ಹೋಟೆಲ್ ಫೋಟೋಗಳು. ಅವನ್ನ ನೋಡೇ ನಾನು ನಮ್ಮೋರ ಹತ್ರ ಜಗಳ ಆಡಿ ನಿಮಗೆ ಕೆಲಸ ಕೊಡಿಸಿದ್ದು. ಅವನ್ನ ಯಾರು ತೆಗೆದದ್ದು?’

ಅಣ್ಣ ಬಾಯಿ ತೆರೆದ. ಮಾತಿನಲ್ಲಿ ಮಸುಕಿಲ್ಲದವನು ಅಂದಿದ್ದೆನಲ್ಲ, ಮಾತು ಬರಲಿಲ್ಲ.

‘ನಾನು’ ಎಂದಳು ತಂಗಿ. ಇದು ಮೇಲೆ ಹೋಗಿ ತಿರುಗಿ ಬರುವಷ್ಟು ಗಟ್ಟಿಯಾಗಿರಲಿಲ್ಲ.

ಮೇಡಂ ಇಬ್ಬರನ್ನೂ ನೋಡಿದಳು. ಕೋಪವೋ, ಮರುಕವೋ, ಇನ್ನೇನೋ, ನಾನು ಎಷ್ಟು ಹತ್ತಿರ ಹೋಗಿ ನೋಡಿದರೂ ತಿಳಿಯಲಿಲ್ಲ. ವಾಕಿಟಾಕಿ ಮತ್ತೆ ಕರಕರ ಅಂದಿತು. ಎರಡನೆಯ ಬಸ್ಸು.

‘ನೋಡಿ. ನನಗೂ ಮೇಲಿನೋರಿದಾರೆ. ಗಾಜಿನ ಹಾಲ್ ಒಂದು ಬಾಕಿ ಇದೆ. ಅದು ಆದ್ಮೇಲೆ ನಾನೇನು ಹೇಳ್ಬೇಕೋ ಹೇಳ್ತೀನಿ. ಯಾರು ತೆಗೀತೀರೋ ನೀವೇ ತೀರ್ಮಾನ ಮಾಡ್ಕೊಳಿ. ಆದ್ರೆ ಈ ಸಲ ನಾನು ಫೋಟೋ ನೋಡಲ್ಲ. ತೆಗೆಯೋರನ್ನ ನೋಡ್ತಾ ನಿಂತಿರ್ತೀನಿ.’

11

ಗಾಜಿನ ಹಾಲ್ ಹಡಗಿನ ಮೂತಿಯಲ್ಲಿದೆ. ಮೂರು ಕಡೆ ಗಾಜು, ಒಂದು ಕಡೆ ಬಾಗಿಲು, ನಡುವೆ ಸಾಲಾಗಿ ಸೋಫಾಗಳು. ಎಲ್ಲ ಸೋಫಾದ ಮೇಲೂ ದಿಂಬುಗಳು. ಯಾರೋ ಆಗಲೇ ಬಂದು ಕೂತು ಎದ್ದು ಹೋಗಿದ್ದರು, ದಿಂಬುಗಳೆಲ್ಲ ಅಡ್ಡಾದಿಡ್ಡಿ. ಬಾಗಿಲಿಗೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಊರು ಸುತ್ತಿ ಸುಸ್ತಾಗಿ ಬಂದ ಜನ, ಕೈಯಲ್ಲಿ ಚೀಲ, ಬಿಸಿಲಿಗೆ ಕೆಂಪಾದ ಮೂಗು. ‘ಏನದು?’ ‘ಶೂಟಿಂಗಂತೆ.’ ‘ಹೀರೋ ಎಲ್ಲಿ?’ ‘ಆ ಗಡ್ಡದೋನಿರಬೇಕು.’ ‘ಛೇ, ಅವನಾ?’

ಮೇಡಂ ಹಗ್ಗದ ಒಳಗೆ, ಕೈಕಟ್ಟಿ ನಿಂತಳು.

ತಂಗಿ ಸ್ಟ್ಯಾಂಡ್ ಹೂಡಿದಳು. ಎತ್ತರ ಇಳಿಸಿದಳು. ಸ್ಟ್ಯಾಂಡಿನ ಮಟ್ಟಗೊಳವೆಯ ಗುಳ್ಳೆ ನೋಡಿ ಮಟ್ಟ ಮಾಡಿದಳು. ಇದೆಲ್ಲ ಎಂದಿನದೇ. ಎಂದಿನಂತೆ ‘ಅಣ್ಣಾ, ನೋಡು’ ಎಂದು ಪಕ್ಕಕ್ಕೆ ಸರಿಯುವ ಗಳಿಗೆ ಬಂತು. ಅವಳು ಸರಿಯಲಿಲ್ಲ.

ಅಣ್ಣ ಬಂದು ಪಕ್ಕದಲ್ಲಿ ನಿಂತ. ಬಟನ್ ಅವನ ಮುಷ್ಟಿಯಲ್ಲಿತ್ತು.

‘ಚೂರು ಎಡಕ್ಕೆ’ ಎಂದ.

‘ಅಣ್ಣಾ.’

‘ಏನು?’

‘ಎಡಕ್ಕೆ ಬೇಡ.’

ಬಾಗಿಲ ಕಡೆ ಒಂದು ಮಗು ಅತ್ತಿತು. ತಂಗಿಯ ಕಿವಿ ಸುಡುತ್ತಿತ್ತು. ಅಷ್ಟು ಜನರ ಕಣ್ಣು ಬೆನ್ನ ಮೇಲೆ ಇರುವೆಯಂತೆ ಹರಿದಾಡುತ್ತಿತ್ತು. ಓಡಿಹೋಗಿ ಯಾವುದಾದರೂ ಸೋಫಾದ ಹಿಂದೆ ಕೂತುಬಿಟ್ಟರೆ? ಕಾಲು ಹಾಗೆ ಕೇಳುತ್ತಲೇ ಇತ್ತು. ಆದರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಅವಳು ಇಲ್ಲಿ ನಿಂತರೆ ದಿಂಬು ತಟ್ಟುವವರು ಯಾರು?

ಅದು ಅಣ್ಣನಿಗೂ ಹೊಳೆದಿತ್ತು. ಬಟ್ಟೆಯ ಸುಕ್ಕು ತಿಳಿಯಲು ಕಣ್ಣು ಬೇಕಿಲ್ಲ, ಅಂಗೈ ಸಾಕು. ಆದರೆ ಅಷ್ಟು ಜನರೆದುರು, ಮೇಡಂನೆದುರು, ಗಡ್ಡದ ಹೀರೋ ಹೋಗಿ ಸೋಫಾದಿಂದ ಸೋಫಾಕ್ಕೆ ಬಗ್ಗಿ ದಿಂಬು ಸರಿಮಾಡಿ, ಆಮೇಲೆ ಎಲ್ಲಾದರೂ ಮೂಲೆಯಲ್ಲಿ ಕುಕ್ಕರಿಸಿ ಕೂತು ‘ಹೂಂ’ ಅನ್ನಬೇಕು.

‘ನನ್ನ ಕೈಲಾಗಲ್ಲ ಗುಬ್ಬಿ’ ಎಂದ ಮೆಲ್ಲಗೆ.

‘ನಂಗೂ ಆಗ್ತಿಲ್ಲ. ನೋಡು.’ ಅವನ ಕೈಯನ್ನು ಹಿಡಿದು ತನ್ನ ಬೆರಳುಗಳನ್ನು ಮುಟ್ಟಿಸಿದಳು. ಬೆರಳು ಗಡಗಡ ನಡುಗುತ್ತಿದ್ದವು.

‘ಅಯ್ಯೋ ಮಂಕೇ! ಇಷ್ಟು ನಡುಗಿದ್ರೆ ಹಡಗೇ ಅಲ್ಲಾಡುತ್ತೆ.’

‘ಮತ್ತೆ?’

ಬಟನ್ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಅವಳು ಕೇಳಲಿಲ್ಲ. ಕಿತ್ತುಕೊಳ್ಳಲೂ ಇಲ್ಲ. ಅಂಗೈ ಚಾಚಿಕೊಂಡು ನಿಂತಳು. ಅಂಗೈ ಇದ್ದದ್ದು ಅವನ ದೃಷ್ಟಿಯ ನಡುವೆಯೋ ಅಂಚಿನಲ್ಲೋ, ಅವನಿಗೆ ಕಂಡಿತೋ ಇಲ್ಲವೋ…

12

‘ಅಕ್ಕಾ.’

‘ಏನು?’

‘ನೀವು ಸ್ವಲ್ಪ ಆಚೆ ಹೋಗ್ತೀರಾ?’

‘ಈಗಲಾ? ಈಗಲೇ ಅಲ್ವಾ ನಾನು ಇರಬೇಕಾದ್ದು?’

‘ನೀವು ಇಷ್ಟು ಹತ್ರ ನಿಂತು ನೋಡ್ತಿದ್ರೆ ಅಣ್ಣ ಬಟನ್ ಬಿಡಲ್ಲ. ನೋಡೋರು ಜಾಸ್ತಿ ಆದಷ್ಟೂ ಅವನ ಹಿಡಿ ಬಿಗಿ ಆಗುತ್ತೆ. ನಂಗೆ ಗೊತ್ತು.’

‘ನಾನು ಬರೀಬೇಕಲ್ಲಾ. ಇವರೆಲ್ಲ ಇಷ್ಟು ದೂರ ಓದ್ಕೊಂಡು ಬಂದಿದಾರೆ. ಏನಾಯ್ತು ಅಂತ ಹೇಳ್ದೆ ಕಳಿಸೋಕಾಗುತ್ತಾ?’

‘ಅವರನ್ನೂ ಕರ್ಕೊಂಡು ಹೋಗಿ.’

‘ಮೇಡಂ ಮಾತ್ರ ಇರಬಹುದಾ?’

‘ಮೇಡಂನ ನಾನು ನೋಡ್ಕೋತೀನಿ.’

ನಿಮಗೆ ನೆನಪಿರಬಹುದು, ಇದೇ ಹುಡುಗಿ ಮೇಡಂಗೆ ‘ಸರೀರಿ’ ಅನ್ನಲಾರದೆ ಎಡಕ್ಕೆ ಓಡಿದ್ದಳು. ಈಗ ನನ್ನನ್ನು ಭುಜ ಹಿಡಿದು ತಿರುಗಿಸಿ, ಬಾಗಿಲವರೆಗೆ ನಡೆಸಿಕೊಂಡು ಬಂದು, ಹಗ್ಗ ಎತ್ತಿ ಆಚೆ ಬಿಟ್ಟಳು. ಅವಳ ಕೈ ಇನ್ನೂ ನಡುಗುತ್ತಿತ್ತು.

ಬನ್ನಿ, ನೀವೂ ಬನ್ನಿ. ಹಗ್ಗ ನೋಡಿಕೊಂಡು ದಾಟಿ. ಬೇಸರ ಮಾಡಿಕೊಳ್ಳಬೇಡಿ. ಬೇಕಾದರೆ ಆ ಮೂರು ಮುಕ್ತಾಯಗಳು ಅಲ್ಲೇ ಬಿದ್ದಿವೆ, ಯಾವುದಾದರೂ ಎತ್ತಿಕೊಳ್ಳಿ. ಅವರಂತೂ ಬೇಡ ಅಂದದ್ದು.

ಹಿಂದೆ ತಿರುಗಿ ನೋಡಬೇಡಿ ಅಂದರೆ ನೀವು ಕೇಳುವುದಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ಹೆಜ್ಜೆ ಹೋಗಿ ತಿರುಗಿದೆ. ಜನರ ತಲೆಗಳ ಸಂದಿಯಲ್ಲಿ ಒಂದು ಸೋಫಾದ ತುದಿ ಕಾಣುತ್ತಿತ್ತು. ಯಾರೋ ಅದರ ಪಕ್ಕ ಬಗ್ಗಿದ್ದರು. ದಿಂಬಿನ ಮೇಲೆ ಒಂದು ಕೈ ಇತ್ತು, ಬಟ್ಟೆಯನ್ನು ನಿಧಾನವಾಗಿ ಸವರುತ್ತಿತ್ತು. ಯಾರ ಕೈ ಎಂದು ನೋಡಲು ಹಿಮ್ಮಡಿ ಎತ್ತಿದೆ. ಅಷ್ಟರಲ್ಲಿ ಮುಂದೆ ನಿಂತಿದ್ದವನು ತನ್ನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ.